ಪುಲಿಗೆರೆಯ ಶಿಲೆ, ಚೀನದ ಕಡತ: ಚಾಲುಕ್ಯರ ಕಾಲದ ಎರಡು ಬರವಣಿಗೆಗಳು

ಆರನೆಯ ಶತಮಾನದ ನಡುಭಾಗದಿಂದ ಎಂಟನೆಯ ಶತಮಾನದ ನಡುಭಾಗದವರೆಗೆ ಆಳಿದ ಬಾದಾಮಿ ಚಾಲುಕ್ಯರ ಚರಿತ್ರೆಗೆ ಮುಖ್ಯ ಆಧಾರ ಶಿಲಾಶಾಸನ, ತಾಮ್ರಶಾಸನ ಮತ್ತು ದೇವಾಲಯಗಳೇ ಆದರೂ, ನಾಡಿನಿಂದ ಬಹುದೂರದ ಚೀನದಲ್ಲಿಯೂ ಆ ಮನೆತನದ ಇಬ್ಬರು ಅರಸರನ್ನು ಕುರಿತ ಬರಹ ಉಳಿದು ಬಂದಿದೆ. ಇಮ್ಮಡಿ ಪುಲಿಕೇಶಿಯ ನಾಡನ್ನು ಕುರಿತು ಬೌದ್ಧ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಬರೆದದ್ದು ಒಂದು; ಪುಲಿಕೇಶಿಯ ಮೊಮ್ಮಗ ವಿನಯಾದಿತ್ಯನ ಕಾಲದಲ್ಲಿ, 691ರಲ್ಲಿ, ದಕ್ಷಿಣ ಭಾರತದ ಚಾಲುಕ್ಯ ಅರಸನಿಂದ ಕಾಣಿಕೆ ಬಂದಿತೆಂದು ಚೀನದ ಅಧಿಕೃತ ಇತಿಹಾಸಗ್ರಂಥ ದಾಖಲಿಸಿರುವುದು ಇನ್ನೊಂದು. ಮೊದಲನೆಯದನ್ನು ಶಾಲೆಯ ಮೆಟ್ಟಿಲು ಹತ್ತಿದ ಎಲ್ಲರೂ ಓದಿದ್ದಾರೆ; ಎರಡನೆಯದು ವಿದ್ವಾಂಸರ ಅಡಿಟಿಪ್ಪಣಿಗಳನ್ನು ದಾಟಿ ಹೊರಗೆ ಬಂದದ್ದು ಕಡಿಮೆ. ಈ ಎರಡು ಬರಹಗಳನ್ನು ಚೀನದ ಇತಿಹಾಸಲೇಖನ ಪರಂಪರೆಯ ಒಳಗಿಟ್ಟು ನೋಡುವುದು, ಅನಂತರ ಅವನ್ನು ಗದಗ ಜಿಲ್ಲೆಯ ಲಕ್ಷ್ಮೇಶ್ವರದ, ಅಂದರೆ ಹಳೆಯ ಪುಲಿಗೆರೆಯ, ಶಾಸನಗಳ ಪಕ್ಕದಲ್ಲಿಟ್ಟು ತೂಗುವುದು ಈ ಉಪನ್ಯಾಸದ ಉದ್ದೇಶ. ಎರಡೂ ಆಸ್ಥಾನಗಳು ತಮ್ಮ ತಮ್ಮ ಹಿರಿಮೆಗೆ ತಕ್ಕಂತೆ ಬರೆದುಕೊಂಡಿರುವುದರಿಂದ ಒಂದನ್ನು ಇನ್ನೊಂದರ ಸಾಕ್ಷಿಯಾಗಿ ನೇರವಾಗಿ ನಿಲ್ಲಿಸಲು ಬರುವುದಿಲ್ಲ. ಅವುಗಳನ್ನು ಬರೆದ ರೀತಿ ತಿಳಿದರೆ ಮಾತ್ರ ಅವು ಹೇಳುವ ಸಂಗತಿಗೆ ಬೆಲೆ ಕಟ್ಟಬಹುದು.

ಚೀನದಲ್ಲಿ ಇತಿಹಾಸವನ್ನು ಬರೆಯುವುದು ವ್ಯಕ್ತಿಯೊಬ್ಬನ ಹವ್ಯಾಸವಾಗಿ ಉಳಿಯದೆ ಸರಕಾರದ ಒಂದು ಇಲಾಖೆಯ ಕೆಲಸವೇ ಆಯಿತು. ಕ್ರಿಸ್ತಪೂರ್ವ ಮೊದಲ ಶತಮಾನದ ಆರಂಭದಲ್ಲಿ ಸಿಮಾ ಚಿಯೆನ್ ಎಂಬ ಆಸ್ಥಾನ ಅಧಿಕಾರಿ ತನ್ನ ತಂದೆ ಆರಂಭಿಸಿದ ಬೃಹತ್ ಚರಿತ್ರೆಯನ್ನು ಪೂರ್ತಿಗೊಳಿಸಿ ಒಂದು ಮಾದರಿಯನ್ನು ಹಾಕಿಕೊಟ್ಟನು. ಅರಸರ ವರ್ಷಾನುಕ್ರಮದ ವೃತ್ತಾಂತ, ಕಾಲಸೂಚಿ, ವಿಷಯವಾರು ಪ್ರಬಂಧ, ಗಣ್ಯರ ಜೀವನಕಥನ ಮತ್ತು ಹೊರನಾಡುಗಳ ವರ್ಣನೆ ಎಂಬ ವಿಭಾಗಗಳುಳ್ಳ ಆ ಮಾದರಿಯೇ ಮುಂದೆ ಎರಡು ಸಾವಿರ ವರ್ಷ ಬಾಳಿತು. 618ರಲ್ಲಿ ಸ್ಥಾಪನೆಯಾದ ತಾಂಗ್ ರಾಜವಂಶದ ಎರಡನೆಯ ಚಕ್ರವರ್ತಿ ತೈಜೋಂಗ್ 629ರಲ್ಲಿ ಇತಿಹಾಸ ಕಚೇರಿಯನ್ನು ಅರಮನೆಯ ಆವರಣದೊಳಕ್ಕೆ ತಂದು ಮಂತ್ರಿಗಳ ಮೇಲ್ವಿಚಾರಣೆಗೆ ಒಳಪಡಿಸಿದನು. ಅಲ್ಲಿಂದ ಮುಂದೆ ಬರವಣಿಗೆ ಹಂತಹಂತವಾಗಿ ಸಾಗುವ ಕ್ರಮವೇ ಏರ್ಪಟ್ಟಿತು: ಚಕ್ರವರ್ತಿಯ ದಿನನಿತ್ಯದ ಮಾತು ಮತ್ತು ಕೃತ್ಯಗಳನ್ನು ಆಸ್ಥಾನದಲ್ಲಿಯೇ ನಿಂತು ಬರೆದುಕೊಳ್ಳುವ ದಿನಚರಿಕಾರರು ಇರುತ್ತಿದ್ದರು, ಅರಸನು ತೀರಿಕೊಂಡ ಮೇಲೆ ಆ ದಿನಚರಿ ಹಾಗೂ ಕಚೇರಿಗಳ ಕಡತಗಳಿಂದ ಅವನ ಆಳ್ವಿಕೆಯ ‘ಸತ್ಯದಾಖಲೆ’ಯನ್ನು ಸಿದ್ಧಪಡಿಸಲಾಗುತ್ತಿತ್ತು, ಒಂದು ವಂಶ ಅಳಿದ ಮೇಲೆ ಅದರ ಸಮಗ್ರ ಇತಿಹಾಸವನ್ನು ಬರೆಸುವ ಹೊಣೆ ಮುಂದಿನ ವಂಶದ್ದಾಗಿತ್ತು. ಅಳಿದವರ ಚರಿತ್ರೆಯನ್ನು ಬರೆಸುವುದರಿಂದ ತನ್ನ ಅಧಿಕಾರಕ್ಕೆ ನ್ಯಾಯಬದ್ಧತೆ ಬರುತ್ತದೆ ಎಂಬ ಲೆಕ್ಕಾಚಾರ ಇದರ ಹಿಂದೆ ಇತ್ತೆಂಬುದರಲ್ಲಿ ಸಂಶಯವಿಲ್ಲ.

ಈ ವ್ಯವಸ್ಥೆಯ ಬಿಗಿಯನ್ನೂ ಅದರ ಸಡಿಲನ್ನೂ ಒಂದೇ ಪ್ರಸಂಗ ತೋರಿಸುತ್ತದೆ. ತೈಜೋಂಗ್ ತನ್ನ ದಿನಚರಿಯನ್ನು ಬರೆಯುತ್ತಿದ್ದ ಛೂ ಸುಯ್‌ಲಿಯಾಂಗ್ ಎಂಬ ಅಧಿಕಾರಿಯನ್ನು ಕರೆದು, ಅದರಲ್ಲಿ ಏನು ಬರೆದಿದೆ, ಅರಸನು ಅದನ್ನು ನೋಡಬಹುದೇ ಎಂದು ವಿಚಾರಿಸಿದಾಗ, ಅರಸನು ತನ್ನ ಇತಿಹಾಸವನ್ನು ತಾನೇ ಓದಿದ ಸಂಪ್ರದಾಯವಿಲ್ಲವೆಂದು ಅವನು ನಿರಾಕರಿಸಿದನು. ತಾನು ಮಾಡಿದ ಕೆಟ್ಟದ್ದನ್ನೂ ಬರೆಯುತ್ತೀಯಾ ಎಂಬ ಮರುಪ್ರಶ್ನೆಗೆ, ಬರೆಯುವುದು ತನ್ನ ಹುದ್ದೆಯ ಕರ್ತವ್ಯವೆಂದೇ ಉತ್ತರ ಬಂದಿತು. ಇಷ್ಟಾದರೂ ತೈಜೋಂಗ್ ಸುಮ್ಮನಾಗಲಿಲ್ಲ. ಮಂತ್ರಿ ಫಾಂಗ್ ಶ್ವಾನ್‌ಲಿಂಗ್ ಮೂಲಕ ತನ್ನ ಆಳ್ವಿಕೆಯ ದಾಖಲೆಯನ್ನು ಸಿದ್ಧಪಡಿಸಿ ತರಿಸಿಕೊಂಡು ಓದಿಯೇ ಬಿಟ್ಟನು. ಸೋದರರನ್ನು ಕೊಂದು ಪಟ್ಟಕ್ಕೆ ಬಂದವನಿಗೆ ಆ ಪುಟಗಳಲ್ಲಿ ಏನಿದೆಯೆಂಬ ಕಳವಳ ಇದ್ದದ್ದು ಸಹಜ. ಚೀನದ ದಾಖಲೆಗಳು ಕಚೇರಿಯಿಂದ ಬಂದವು ಎಂಬ ಒಂದೇ ಕಾರಣಕ್ಕೆ ಅವನ್ನು ಕಣ್ಣುಮುಚ್ಚಿ ನಂಬುವವರು ಈ ಎರಡನೆಯ ಭಾಗವನ್ನು ಮರೆಯಬಾರದು.

ಹೊರನಾಡಿನ ಸುದ್ದಿಯೂ ಇದೇ ಕಚೇರಿಗೆ ಹರಿದು ಬರುತ್ತಿತ್ತು. ಪರದೇಶಗಳ ದೂತರನ್ನು ಬರಮಾಡಿಕೊಂಡು ಉಪಚರಿಸುವ ಹೊಂಗ್‌ಲು ಎಂಬ ಇಲಾಖೆ, ಬಂದವರ ನಾಡು, ಉಡುಗೆ, ನಡಾವಳಿ, ಉತ್ಪನ್ನ, ಅರಸನ ಹೆಸರು ಇವನ್ನೆಲ್ಲ ವಿಚಾರಿಸಿ ಇತಿಹಾಸ ಕಚೇರಿಗೆ ವರದಿ ಕಳಿಸಬೇಕೆಂಬ ನಿಯಮವಿತ್ತು. ತಾಂಗ್ ವಂಶ 907ರಲ್ಲಿ ಅಳಿದ ಮೇಲೆ, 945ರಲ್ಲಿ ಲಿಯು ಶೂ ಎಂಬವನ ಮೇಲ್ವಿಚಾರಣೆಯ ಹೆಸರಿನಲ್ಲಿ ಪೂರ್ಣಗೊಂಡ, ಈಗ ‘ಹಳೆಯ ತಾಂಗ್ ಇತಿಹಾಸ’ ಎನಿಸಿಕೊಳ್ಳುವ ಗ್ರಂಥಕ್ಕೆ ಇಂಥ ಕಡತಗಳೇ ಸಾಮಗ್ರಿಯಾದವು. ವಿನಯಾದಿತ್ಯನ ಸಂಗತಿ ಇರುವುದು ಆ ಗ್ರಂಥದಲ್ಲಿ ಭಾರತವನ್ನು ವರ್ಣಿಸುವ ಭಾಗದೊಳಗೆ.

ಹ್ಯೂಯೆನ್ ತ್ಸಾಂಗನ ಬರಹದ ಹುಟ್ಟು ಬೇರೆ ರೀತಿಯದು, ಆದರೆ ಅದೂ ಅರಮನೆಯ ನೆರಳಿನಿಂದ ಪೂರ್ತಿ ಹೊರಗಿಲ್ಲ. ಗಡಿ ದಾಟಲು ಅಪ್ಪಣೆ ಇಲ್ಲದಿದ್ದರೂ ಮೂಲ ಬೌದ್ಧ ಗ್ರಂಥಗಳನ್ನು ಅರಸಿ ಹೊರಟ ಈ ಭಿಕ್ಷು ಮಧ್ಯ ಏಷ್ಯದ ಮರುಭೂಮಿ ಮತ್ತು ಪರ್ವತಗಳನ್ನು ದಾಟಿ ಭಾರತಕ್ಕೆ ಬಂದು, ನಾಲಂದದಲ್ಲಿ ಓದಿ, ದೇಶವನ್ನು ಸುತ್ತಿ, 645ರಲ್ಲಿ ರಾಜಧಾನಿ ಚಾಂಗಾನ್‌ಗೆ ಮರಳಿದಾಗ, ಅವನು ತಂದ ಗ್ರಂಥಗಳಷ್ಟೇ ಕುತೂಹಲ ತೈಜೋಂಗ್‌ಗೆ ಅವನು ಕಂಡ ದೇಶಗಳ ಮೇಲೂ ಇತ್ತು. ಪಶ್ಚಿಮದ ಕಡೆಗೆ ಸಾಮ್ರಾಜ್ಯವನ್ನು ವಿಸ್ತರಿಸುತ್ತಿದ್ದ ಚಕ್ರವರ್ತಿಗೆ ಅಲ್ಲಿನ ದಾರಿ, ಅರಸರು, ಸೈನ್ಯ ಮತ್ತು ಬೆಳೆಗಳ ವಿವರ ಬೇಕಾಗಿತ್ತು. ಅವನ ಅಪೇಕ್ಷೆಯಂತೆ 646ರಲ್ಲಿ ಸಿದ್ಧವಾದ ‘ಪಶ್ಚಿಮ ಸೀಮೆಗಳ ವೃತ್ತಾಂತ’ ಪ್ರತಿಯೊಂದು ನಾಡನ್ನೂ ಒಂದೇ ಅಚ್ಚಿನಲ್ಲಿ ಕೂರಿಸುತ್ತದೆ. ಸುತ್ತಳತೆ ಇಷ್ಟು ಲೀ (ಒಂದು ಲೀ ಎಂದರೆ ಸ್ಥೂಲವಾಗಿ ಅರ್ಧ ಕಿಲೋಮೀಟರಿಗಿಂತ ಕಡಿಮೆ), ರಾಜಧಾನಿಯ ಸುತ್ತಳತೆ ಇಷ್ಟು, ನೆಲ ಇಂಥದು, ಹವೆ ಇಂಥದು, ಜನರ ಸ್ವಭಾವ ಇಂಥದು, ವಿಹಾರಗಳೆಷ್ಟು, ಭಿಕ್ಷುಗಳೆಷ್ಟು, ದೇವಾಲಯಗಳೆಷ್ಟು ಎಂಬ ಕ್ರಮದಲ್ಲಿ. ಓದುಗನಿಗೆ ಕೆಲವೊಮ್ಮೆ ಬೇಸರ ತರಿಸುವ ಈ ಅಚ್ಚು ಕಚೇರಿಯ ನಮೂನೆಯನ್ನೇ ನೆನಪಿಸುತ್ತದೆ.

ಆದರೆ ಮಹಾರಾಷ್ಟ್ರವೆಂಬ ಹೆಸರಿನಲ್ಲಿ ಪುಲಿಕೇಶಿಯ ರಾಜ್ಯವನ್ನು ವರ್ಣಿಸುವಾಗ ಬರಹ ಆ ಅಚ್ಚನ್ನು ಮೀರುತ್ತದೆ. ಆರು ಸಾವಿರ ಲೀ ಸುತ್ತಳತೆಯ ಆ ನಾಡಿನ ಅರಸ ಕ್ಷತ್ರಿಯ. ಜನ ಎತ್ತರದವರು, ಅಭಿಮಾನಿಗಳು, ಉಪಕಾರ ಮಾಡಿದವರಿಗೆ ಕೃತಜ್ಞರು, ಕೇಡು ಮಾಡಿದವರನ್ನು ಬಿಡದವರು. ಸೇಡು ತೀರಿಸಿಕೊಳ್ಳುವ ಮುಂಚೆ ಎದುರಾಳಿಗೆ ತಿಳಿಸಿ, ಇಬ್ಬರೂ ಕವಚ ತೊಟ್ಟು ಈಟಿ ಹಿಡಿದು ಸೆಣಸುತ್ತಾರೆ. ಸೋತು ಬಂದ ಸೇನಾಪತಿಗೆ ಬೇರೆ ಶಿಕ್ಷೆಯಿಲ್ಲ, ಹೆಂಗಸರ ಉಡುಪು ಕೊಡುತ್ತಾರೆ, ಆ ಅವಮಾನಕ್ಕೆ ಅವನು ಪ್ರಾಣವನ್ನೇ ಕಳೆದುಕೊಳ್ಳುತ್ತಾನೆ. ಯುದ್ಧಕ್ಕೆ ಹೊರಡುವಾಗ ನೂರಾರು ವೀರರು ಮದ್ಯ ಸೇವಿಸಿ ಆನೆಗಳಿಗೂ ಕುಡಿಸಿ ಮುನ್ನುಗ್ಗುತ್ತಾರೆ. ಉತ್ತರದ ಶೀಲಾದಿತ್ಯನು, ಅಂದರೆ ಹರ್ಷನು, ಸ್ವತಃ ಸೇನೆ ನಡೆಸಿ ಬಂದರೂ ಇವರನ್ನು ಮಣಿಸಲಾಗಲಿಲ್ಲ. ಇದರಲ್ಲಿ ಹರ್ಷನ ಸೋಲಿನ ಮಾತು 634–35ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಹೇಳಿರುವುದಕ್ಕೆ ಹೊಂದುತ್ತದೆ. ರವಿಕೀರ್ತಿ ಪುಲಿಕೇಶಿಯ ಆಸ್ಥಾನದವನು, ಹ್ಯೂಯೆನ್ ತ್ಸಾಂಗ್ ಹರ್ಷನ ಆತಿಥ್ಯವನ್ನು ಪಡೆದು ಅವನನ್ನು ಮೆಚ್ಚಿದವನು. ಹರ್ಷನಿಗೆ ಪ್ರತಿಕೂಲವಾದ ಸಂಗತಿಯನ್ನು ಅವನ ಅಭಿಮಾನಿಯೇ ಒಪ್ಪಿಕೊಂಡಿರುವುದರಿಂದ ಈ ಹೇಳಿಕೆಗೆ ಹೆಚ್ಚಿನ ತೂಕ ಬರುತ್ತದೆ.

ಜನಸ್ವಭಾವದ ವರ್ಣನೆಯನ್ನು ಪರೀಕ್ಷಿಸಲು ಇನ್ನೊಂದು ಸಾಧನ ಬಾದಾಮಿಯಲ್ಲಿಯೇ ಇದೆ. ಅಲ್ಲಿನ ಬಂಡೆಯ ಮೇಲಿರುವ ಸುಮಾರು 700ರ ಕಪ್ಪೆ ಅರಭಟ್ಟನ ಕನ್ನಡ ಶಾಸನವು ಒಳ್ಳೆಯವರಿಗೆ ಒಳ್ಳೆಯವನೂ ಪೀಡಿಸುವವರಿಗೆ ಉಗ್ರನೂ ಆದ ವೀರನೊಬ್ಬನ ಆದರ್ಶವನ್ನು ತ್ರಿಪದಿಗಳಲ್ಲಿ ಹೇಳುತ್ತದೆ. ಚೀನೀ ಭಿಕ್ಷು ಗಮನಿಸಿದ ಗುಣವನ್ನೇ ಈ ನಾಡಿನವರು ತಮ್ಮ ಹೆಮ್ಮೆಯೆಂದು ಕಲ್ಲಿನ ಮೇಲೆ ಕೆತ್ತಿಕೊಂಡಿದ್ದಾರೆ; ಎರಡು ಬರಹಗಳ ನಡುವೆ ಇರುವ ಅಂತರ ಸುಮಾರು ಎರಡು ತಲೆಮಾರು. ಆದರೂ ಪುಲಿಕೇಶಿಯನ್ನು ಕಣ್ಣಾರೆ ಕಂಡೆನೆಂದು ಹ್ಯೂಯೆನ್ ತ್ಸಾಂಗ್ ತನ್ನ ವೃತ್ತಾಂತದಲ್ಲಿ ಎಲ್ಲಿಯೂ ಹೇಳಿಕೊಂಡಿಲ್ಲ; ಪಶ್ಚಿಮಕ್ಕೆ ಮಹಾನದಿಯೊಂದು ಹರಿಯುವ ಪುಲಿಕೇಶಿಯ ರಾಜಧಾನಿಯ ವರ್ಣನೆ ಬಾದಾಮಿಗೆ ಒಪ್ಪುವುದಿಲ್ಲವಾದ್ದರಿಂದ ಶಾಸನತಜ್ಞ ಜೆ. ಎಫ್. ಫ್ಲೀಟ್ ಅದನ್ನು ನಾಸಿಕವೆಂದು ಊಹಿಸಿದರು. ಸಭೆಯಲ್ಲಿ ಅರಸ ಮತ್ತು ಯಾತ್ರಿಕ ಎದುರುಬದುರು ಕುಳಿತಂತೆ ಚಿತ್ರಿಸುವ ನಾಟಕ, ಭಾಷಣಗಳಿಗೆ ಮೂಲಗ್ರಂಥದಲ್ಲಿ ಆಧಾರವಿಲ್ಲ.

ಕನ್ನಡ ನಾಡಿಗೆ ಇನ್ನೂ ಹತ್ತಿರವಾದ ಭಾಗ ಕೊಂಕಣಪುರವೆಂಬ ನಾಡಿನ ವರ್ಣನೆ. ಕಂಚಿಯಿಂದ ಉತ್ತರಕ್ಕೆ ಸುಮಾರು ಎರಡು ಸಾವಿರ ಲೀ ದೂರದಲ್ಲಿದೆಯೆಂದು ವೃತ್ತಾಂತ ಹೇಳುವ ಈ ನಾಡಿನಲ್ಲಿ ಜನ ಕಪ್ಪು ಮೈಬಣ್ಣದವರು, ಒರಟು ನಡೆಯವರು, ಆದರೆ ವಿದ್ಯೆಯಲ್ಲಿ ಆಸಕ್ತರು. ನೂರಕ್ಕೂ ಹೆಚ್ಚು ವಿಹಾರಗಳೂ ಹತ್ತು ಸಾವಿರದಷ್ಟು ಭಿಕ್ಷುಗಳೂ ಇದ್ದಾರೆ. ಅರಮನೆಯ ಪಕ್ಕದ ದೊಡ್ಡ ವಿಹಾರದಲ್ಲಿ ಸಿದ್ಧಾರ್ಥನು ರಾಜಕುಮಾರನಾಗಿದ್ದಾಗ ಧರಿಸಿದ್ದೆನ್ನುವ ಕಿರೀಟವನ್ನು ರತ್ನಖಚಿತ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ನಗರದ ಉತ್ತರಕ್ಕೆ ಮೂವತ್ತು ಲೀ ಸುತ್ತಳತೆಯ ತಾಳೆಯ ಕಾಡಿದ್ದು ಅದರ ಉದ್ದಗಲವಾದ ನಯವಾದ ಗರಿಗಳನ್ನು ಭಾರತದ ಎಲ್ಲ ನಾಡುಗಳವರೂ ಬರೆಯಲು ಒಯ್ಯುತ್ತಾರೆ. ಕೊಂಕಣಪುರ ಯಾವುದು ಎಂಬುದರ ಬಗ್ಗೆ ಹತ್ತೊಂಬತ್ತನೆಯ ಶತಮಾನದಿಂದ ಚರ್ಚೆ ನಡೆದಿದೆ. ಫ್ರೆಂಚ್ ಭೂಗೋಳತಜ್ಞ ಸೇಂಟ್ ಮಾರ್ಟಿನ್ ಅದನ್ನು ಬನವಾಸಿ ಎಂದನು, ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಆನೆಗೊಂದಿ ಎಂದನು. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳು ಈ ಎರಡು ಊರುಗಳ ನಡುವಿನ ಬಯಲಿನಲ್ಲಿಯೇ ಬರುತ್ತವೆ. ಬರವಣಿಗೆಗೆ ಬೇಕಾದ ಅಗಲ ಗರಿಯ ಶ್ರೀತಾಳೆ ಮಳೆ ಹೆಚ್ಚಿರುವ ಸಹ್ಯಾದ್ರಿಯ ತಪ್ಪಲಿನ ಮರ. ತುಂಗಭದ್ರೆಯ ಬಂಡೆಗಳ ಒಣ ಸೀಮೆಯಲ್ಲಿ ಅದರ ಕಾಡನ್ನು ಕಲ್ಪಿಸುವುದು ಕಷ್ಟ. ಸ್ಥಳನಿರ್ಣಯಕ್ಕೆ ಲೀಗಳ ಲೆಕ್ಕಕ್ಕಿಂತ ಈ ಮರವೇ ಹೆಚ್ಚು ನಂಬತಕ್ಕ ಸಾಕ್ಷಿ ಎಂದಿಟ್ಟುಕೊಂಡರೆ ಬನವಾಸಿಯ ಪಕ್ಷವೇ ಬಲವಾದದ್ದು. ಕಾಗದದ ನಾಡಿನಿಂದ ಬಂದವನು ಗರಿಯನ್ನು ಇಷ್ಟು ಲಕ್ಷ್ಯಕೊಟ್ಟು ನೋಡಿದ್ದರಲ್ಲಿ ಆಶ್ಚರ್ಯವಿಲ್ಲ. ತಾಳೆಗರಿ ಹುಳ ಮತ್ತು ತೇವಕ್ಕೆ ಬೇಗ ಬಲಿಯಾಗುವುದರಿಂದ ಕೆಲವು ತಲೆಮಾರಿಗೊಮ್ಮೆ ಪ್ರತಿ ಮಾಡದ ಬರಹ ಉಳಿಯುವುದಿಲ್ಲ. ಚೀನದಲ್ಲಿ ಪ್ರತಿ ಮಾಡುವುದಕ್ಕೆ ಒಂದು ಕಚೇರಿಯೇ ಇತ್ತು, ಇಲ್ಲಿ ಆ ಭಾರವನ್ನು ಕಲ್ಲು ಮತ್ತು ತಾಮ್ರ ಹೊತ್ತವು.

ವಿನಯಾದಿತ್ಯನ ಪ್ರಸಂಗಕ್ಕೆ ಬರುವ ಮುಂಚೆ ಆಗಿನ ಚೀನದ ಸ್ಥಿತಿಯನ್ನು ತಿಳಿಯಬೇಕು. ತೈಜೋಂಗ್‌ನ ಅಂತಃಪುರದಲ್ಲಿ ಕೆಳದರ್ಜೆಯ ಸಖಿಯಾಗಿದ್ದು, ಅವನ ಮಗನ ಪಟ್ಟದರಾಣಿಯಾಗಿ, ಅವನ ಕಾಯಿಲೆಯ ದಿನಗಳಿಂದಲೇ ಆಡಳಿತವನ್ನು ಕೈಗೆ ತೆಗೆದುಕೊಂಡಿದ್ದ ವು ಝೆತಿಯಾನ್ 690ರಲ್ಲಿ ತಾಂಗ್ ಹೆಸರನ್ನೇ ಬದಿಗಿಟ್ಟು ಝೌ ಎಂಬ ಹೊಸ ವಂಶವನ್ನು ಘೋಷಿಸಿ ಸ್ವತಃ ಚಕ್ರವರ್ತಿಯಾದಳು. ಚೀನದ ಸುದೀರ್ಘ ಚರಿತ್ರೆಯಲ್ಲಿ ಆ ಪದವಿಯನ್ನು ತನ್ನ ಹೆಸರಿನಲ್ಲಿಯೇ ಧರಿಸಿದ ಹೆಣ್ಣು ಅವಳೊಬ್ಬಳೇ. ತಂದೆ, ಗಂಡ, ಮಗ ಎಂಬ ಗಂಡಸರ ಕ್ರಮಕ್ಕೆ ಒತ್ತುಕೊಟ್ಟ ಕನ್‌ಫ್ಯೂಷಿಯಸನ ಪರಂಪರೆ ಅವಳಿಗೆ ಆಸರೆ ಕೊಡುವಂತಿರಲಿಲ್ಲವಾದ್ದರಿಂದ ಅವಳು ಬೌದ್ಧಧರ್ಮದ ಕಡೆ ತಿರುಗಿದಳು. ಹೆಣ್ಣೊಬ್ಬಳು ರಾಜ್ಯವಾಳುವಳೆಂಬ ಭವಿಷ್ಯವುಳ್ಳ ‘ಮಹಾಮೇಘ ಸೂತ್ರ’ಕ್ಕೆ ವ್ಯಾಖ್ಯಾನ ಬರೆಸಿ, ಪ್ರಾಂತಪ್ರಾಂತದಲ್ಲಿ ಆ ಸೂತ್ರದ ಹೆಸರಿನ ದೇವಾಲಯವನ್ನು ಸ್ಥಾಪಿಸಲು ಆಜ್ಞೆ ಮಾಡಿದಳು. ಬೌದ್ಧರ ಕಲ್ಪನೆಯ ಚಕ್ರವರ್ತಿಗೆ ನಾಲ್ಕು ದಿಕ್ಕಿನ ಅರಸರೂ ತಲೆಬಾಗಬೇಕು. ಬುದ್ಧ ಹುಟ್ಟಿದ ನಾಡಿನವರು ಬಂದರೆ ಅದಕ್ಕಿಂತ ಹೆಚ್ಚಿನ ಮನ್ನಣೆ ಬೇಕಿರಲಿಲ್ಲ.

ಹೀಗಿರುವಾಗ ‘ಹಳೆಯ ತಾಂಗ್ ಇತಿಹಾಸ’ವು 691ರಲ್ಲಿ ಪೂರ್ವ, ಪಶ್ಚಿಮ, ದಕ್ಷಿಣ, ಉತ್ತರ ಮತ್ತು ಮಧ್ಯ ಭಾರತಗಳೆಂಬ ಐದೂ ಭಾರತಗಳ ಅರಸರು ಒಟ್ಟಿಗೆ ಕಾಣಿಕೆಯೊಡನೆ ಬಂದರೆಂದು ಹೇಳುತ್ತದೆ, 1013ರಲ್ಲಿ ಮುಗಿದ ಒಂದು ಸಾವಿರ ಸಂಪುಟಗಳ ಕೋಶ ‘ತ್ಸೆಫು ಯುವಾನ್‌ಗ್ವೀ’ ಇದನ್ನು ಮರುವರ್ಷಕ್ಕೆ ಹಾಕುತ್ತದೆ. ಭಾರತವನ್ನು ಐದು ಭಾಗ ಮಾಡಿ ನೋಡುವುದು ಚೀನೀ ಬರಹಗಾರರ ರೂಢಿ. ಐದೂ ಭಾಗದವರು ಹೊಸ ಚಕ್ರವರ್ತಿನಿಯ ಆರಂಭದ ವರ್ಷಗಳಲ್ಲಿಯೇ ಮಾತಾಡಿಕೊಂಡವರಂತೆ ಬಂದದ್ದು ಅನುಮಾನಕ್ಕೆ ಎಡೆಕೊಡುತ್ತದೆ. ಬೇರೆ ಬೇರೆ ಸಮಯಕ್ಕೆ ಬಂದ ದೂತರನ್ನೋ, ಅರಸರ ಹೆಸರು ಹೇಳಿಕೊಂಡು ಬಂದ ವರ್ತಕರನ್ನೋ, ಭಿಕ್ಷುಗಳನ್ನೋ ಕಚೇರಿ ಒಂದೇ ಪಟ್ಟಿಗೆ ಸೇರಿಸಿರಬಹುದು. ಆದರೆ ದಕ್ಷಿಣ ಭಾರತದ ಅರಸನ ಹೆಸರಾಗಿ ಅಲ್ಲಿ ಬರೆದಿರುವ ಆರು ಚೀನೀ ಚಿಹ್ನೆಗಳು ‘ಚಾಲುಕ್ಯ ವಲ್ಲಭ’ ಎಂಬುದರ ಉಚ್ಚಾರಣೆಯನ್ನು ಸ್ಪಷ್ಟವಾಗಿ ಹಿಡಿದಿವೆ. ಶ್ರೀಪೃಥ್ವೀವಲ್ಲಭ ಎಂಬುದು ಬಾದಾಮಿ ಅರಸರು ತಪ್ಪದೆ ಧರಿಸುತ್ತಿದ್ದ ಬಿರುದು. ವಂಶದ ಹೆಸರನ್ನೂ ಅದರ ಸರಿಯಾದ ಬಿರುದನ್ನೂ ವು ಝೆತಿಯಾನಳ ರಾಜಧಾನಿ ಲುವೊಯಾಂಗ್‌ನ ಗುಮಾಸ್ತನೊಬ್ಬ ಊಹೆಯಿಂದ ಕಟ್ಟಲಾರ. ಚಾಲುಕ್ಯ ರಾಜ್ಯವನ್ನು ಒಳಗಿನಿಂದ ಬಲ್ಲ ಯಾರೋ ಆ ಹೆಸರನ್ನು ಅಲ್ಲಿ ಉಚ್ಚರಿಸಿದ್ದಾರೆ. ಆಗ ಆಳುತ್ತಿದ್ದವನು 681ರಿಂದ 696ರವರೆಗೆ ಪಟ್ಟದಲ್ಲಿದ್ದ ವಿನಯಾದಿತ್ಯ. ಸಂಪರ್ಕ ಒಂದೇ ಸಲದ್ದಲ್ಲವೆನ್ನಲು ಇನ್ನೊಂದು ಆಧಾರವೂ ಇದೆ: 695ರ ರಾಜಾಜ್ಞೆಯೊಂದು ದೂತರಿಗೆ ಕೊಡಬೇಕಾದ ದವಸದ ಪ್ರಮಾಣವನ್ನು ದೂರಕ್ಕೆ ತಕ್ಕಂತೆ ಗೊತ್ತುಪಡಿಸುವಾಗ, ದಕ್ಷಿಣ ಭಾರತ, ಉತ್ತರ ಭಾರತ, ಪರ್ಷಿಯ ಮತ್ತು ಅರಬ್ ದೂತರಿಗೆ ಆರು ತಿಂಗಳದ್ದು, ಸುಮಾತ್ರದ ಶ್ರೀವಿಜಯ ಹಾಗೂ ಕಾಂಬೋಡಿಯದವರಿಗೆ ಐದು ತಿಂಗಳದ್ದು, ವಿಯೆಟ್ನಾಮಿನ ಚಂಪಾದವರಿಗೆ ಮೂರು ತಿಂಗಳದ್ದು ಎಂದು ವಿಧಿಸುತ್ತದೆ. ಎಂದೂ ಬಾರದವರಿಗೆ ಯಾವ ಉಗ್ರಾಣಾಧಿಕಾರಿಯೂ ದವಸ ತೆಗೆದಿಡುವುದಿಲ್ಲ.

ಚಾಲುಕ್ಯ ಅರಸ ಚೀನಕ್ಕೆ ಕಪ್ಪ ಕೊಟ್ಟನೆಂಬ ಮಾತನ್ನು ಹೇಗೆ ತೆಗೆದುಕೊಳ್ಳಬೇಕು? ಚೀನದ ರಾಜನೀತಿಯಲ್ಲಿ ಚಕ್ರವರ್ತಿಗೆ ಸಮಾನನಾದ ಅರಸ ಇನ್ನೊಬ್ಬನಿರುವುದಿಲ್ಲವಾದ್ದರಿಂದ ಹೊರಗಿನಿಂದ ಏನೇ ಬರಲಿ, ಅದು ವ್ಯಾಪಾರದ ಮಾದರಿಯೇ ಆಗಿರಲಿ, ಸ್ನೇಹದ ಉಡುಗೊರೆಯೇ ಆಗಿರಲಿ, ಕಡತದಲ್ಲಿ ಕಪ್ಪವೆಂದೇ ಏರುತ್ತಿತ್ತು. ಪ್ರತಿಯಾಗಿ ಚಕ್ರವರ್ತಿ ಕೊಡುತ್ತಿದ್ದ ರೇಷ್ಮೆ ಎಷ್ಟೋ ಸಲ ಬಂದ ಕಾಣಿಕೆಗಿಂತ ಹೆಚ್ಚು ಬೆಲೆಯದಾಗಿದ್ದರೂ ಅದು ಅನುಗ್ರಹವೆನಿಸಿಕೊಳ್ಳುತ್ತಿತ್ತು. ಇದರಿಂದ ಕನ್ನಡಿಗರ ಅಭಿಮಾನಕ್ಕೆ ಕುಂದು ಬಂದಿತೆಂದು ಮುನಿಸಿಕೊಳ್ಳುವ ಮೊದಲು ಚಾಲುಕ್ಯರ ಶಾಸನಗಳತ್ತಲೂ ನೋಡುವುದು ಒಳ್ಳೆಯದು. ವಿನಯಾದಿತ್ಯನ ಮಗ ವಿಜಯಾದಿತ್ಯ ಮತ್ತು ಅನಂತರದವರ ಶಾಸನಗಳು, ವಿನಯಾದಿತ್ಯನು ಪಾರಸೀಕ, ಸಿಂಹಳ ಮೊದಲಾದ ದೇಶಗಳ ಅರಸರಿಂದ ಕಪ್ಪ ತರಿಸಿಕೊಂಡನೆಂದು ಹೇಳುತ್ತವೆ. ಬಾದಾಮಿಯ ಸೇನೆ ಪರ್ಷಿಯವನ್ನು ಗೆದ್ದದ್ದಿಲ್ಲ. ಸಾಸಾನೀ ಅರಸರ ಪರ್ಷಿಯ ಆಗಾಗಲೇ ಅರಬರ ಕೈಗೆ ಸೇರಿತ್ತು. ಪಶ್ಚಿಮ ಕರಾವಳಿಗೆ ಬಂದ ಯಾರದೋ ಕಾಣಿಕೆಯನ್ನು ಬಾದಾಮಿಯ ಪ್ರಶಸ್ತಿಕಾರ ಕಪ್ಪವೆಂದು ಬರೆದಿರಬೇಕು, ಬಾದಾಮಿಯ ಹೆಸರಿನಲ್ಲಿ ಹೋದ ಕಾಣಿಕೆಯನ್ನು ಚೀನದ ಇತಿಹಾಸಕಾರ ಕಪ್ಪವೆಂದು ಬರೆದನು. ಒಂದನ್ನು ಅಕ್ಷರಶಃ ನಂಬಿ ಇನ್ನೊಂದನ್ನು ಅಲ್ಲಗಳೆಯುವ ಪದ್ಧತಿ ನಮ್ಮ ಜನಪ್ರಿಯ ಇತಿಹಾಸ ಬರವಣಿಗೆಯಲ್ಲಿ ಬೇರೂರಿದೆ, ಅದು ನ್ಯಾಯವಲ್ಲ.

ವಿನಯಾದಿತ್ಯನ ತಾಮ್ರಶಾಸನಗಳನ್ನು ಬರೆದವನು ಮಹಾಸಾಂಧಿವಿಗ್ರಹಿಕನಾದ ರಾಮಪುಣ್ಯವಲ್ಲಭ. ಸಾಂಧಿವಿಗ್ರಹಿಕನೆಂದರೆ ಸಂಧಿ ಮತ್ತು ಯುದ್ಧದ ಮಂತ್ರಿ, ಹೊರ ಅರಸರೊಡನೆ ವ್ಯವಹರಿಸುವವನು. ರಾಜಪತ್ರವನ್ನು ಬರೆಯುವ ಲೇಖನಿಯೂ ಪರರಾಷ್ಟ್ರ ವ್ಯವಹಾರವೂ ಒಬ್ಬನ ಕೈಯಲ್ಲಿಯೇ ಇದ್ದದ್ದರಿಂದ, 691ರಲ್ಲಿ ನಿಜವಾಗಿಯೂ ದೂತನೊಬ್ಬ ಹೋಗಿದ್ದರೆ ಅವನ ಓಲೆ ಅದೇ ಕಚೇರಿಯಿಂದ ಹೊರಟಿರಬೇಕು. ದಾಖಲೆ ಬರೆಯುವ ಶಿಸ್ತು ಇಲ್ಲಿ ಇರಲಿಲ್ಲವೆಂಬ ಮಾತು ಒಪ್ಪತಕ್ಕದ್ದಲ್ಲ. ಇರದೆ ಹೋದದ್ದು ಆ ಓಲೆಗಳನ್ನು ವಂಶದಿಂದ ವಂಶಕ್ಕೆ ದಾಟಿಸುವ ವ್ಯವಸ್ಥೆ.

ಲಕ್ಷ್ಮೇಶ್ವರದ ಶಂಖಬಸದಿಯ ಶಿಲೆ ಈ ಅಭಾವವನ್ನು ಸ್ವಲ್ಪಮಟ್ಟಿಗೆ ತುಂಬುತ್ತದೆ. ಬ್ರಿಟಿಷರ ಕಾಲದಲ್ಲಿ ಧಾರವಾಡ ಜಿಲ್ಲೆಯ ನಡುವೆ ಇದ್ದೂ ಮಿರಜ ಸಂಸ್ಥಾನಕ್ಕೆ ಸೇರಿದ್ದ ಈ ಊರಿನ ಶಾಸನಗಳನ್ನು ಫ್ಲೀಟ್ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದರು. ಶಕ 608, ಅಂದರೆ 686ರ ವಿನಯಾದಿತ್ಯನ ದತ್ತಿ, ಶಕ 651ರ ವಿಜಯಾದಿತ್ಯನ ದತ್ತಿ, ಶಕ 656ರ ಇಮ್ಮಡಿ ವಿಕ್ರಮಾದಿತ್ಯನ ದತ್ತಿ ಇವೆಲ್ಲ ಅಲ್ಲಿ ಜೈನ ಬಸದಿಗಳಿಗೆ ಸಂಬಂಧಿಸಿ ದೊರೆಯುತ್ತವೆ. ವಿಜಯಾದಿತ್ಯನ ತಂಗಿ ಕುಂಕುಮ ಮಹಾದೇವಿ ಪುಲಿಗೆರೆಯಲ್ಲಿ ಆನೆಸೆಜ್ಜೆ ಬಸದಿಯನ್ನು ಕಟ್ಟಿಸಿದ ಸಂಗತಿಯೂ ತಿಳಿಯುತ್ತದೆ. ಆದರೆ ಅದೇ ಶಿಲೆಯಲ್ಲಿ 968ರ ಗಂಗ ಮಾರಸಿಂಹನ ದತ್ತಿಯೂ ಇದ್ದು, ಹಳೆಯ ದತ್ತಿಗಳು ಆ ಕಾಲದಲ್ಲಿ ಒಟ್ಟಿಗೆ ಕೆತ್ತಿಸಿದ ಪ್ರತಿಗಳೆಂದು ಫ್ಲೀಟ್ ನಿರ್ಣಯಿಸಿದರು. ಇದರಿಂದ ಶಾಸನದ ಬೆಲೆ ಇಳಿಯಿತೆಂದು ಕೆಲವರು ತಿಳಿದದ್ದುಂಟು. ಆದರೆ ‘ಚಾಲುಕ್ಯ ವಲ್ಲಭ’ ಎಂಬ ಹೆಸರನ್ನು ಉಳಿಸಿಕೊಟ್ಟ ಚೀನೀ ಇತಿಹಾಸವೂ ಘಟನೆಯಾದ ಎರಡೂವರೆ ಶತಮಾನದ ಮೇಲೆ, 945ರಲ್ಲಿ, ಹಳೆಯ ಕಡತಗಳಿಂದ ಪ್ರತಿಯಾದ ಗ್ರಂಥವೇ. ಹತ್ತನೆಯ ಶತಮಾನದಲ್ಲಿ ಲುವೊಯಾಂಗ್, ಕೈಫೆಂಗ್‌ಗಳ ಕಡೆಯ ವಿದ್ವಾಂಸರು ಅಳಿದ ವಂಶದ ಕಾಗದಗಳನ್ನು ಜೋಡಿಸುತ್ತಿದ್ದಾಗ, ಪುಲಿಗೆರೆಯ ಬಸದಿಯವರೂ ಅಳಿದ ವಂಶದ ದತ್ತಿಗಳನ್ನು ತಮ್ಮ ಭೂಮಿಯ ಹಕ್ಕಿಗಾಗಿ ಕಲ್ಲಿಗೆ ಏರಿಸುವ ಹಂತಕ್ಕೆ ಬಂದಿದ್ದರು. 941ರಲ್ಲಿ ಪಂಪನು ಪುಲಿಗೆರೆಯ ಕನ್ನಡದಲ್ಲಿ ತನ್ನ ಭಾರತವನ್ನು ಬರೆದದ್ದೂ ಇದೇ ತಲೆಮಾರಿನಲ್ಲಿ. ಪ್ರತಿ ಎಂಬ ಕಾರಣಕ್ಕೆ ಶಿಲೆಯನ್ನು ಶಂಕಿಸುವವರು ಚೀನದ ಗ್ರಂಥವನ್ನೂ ಅಷ್ಟೇ ಶಂಕಿಸಬೇಕಾಗುತ್ತದೆ.

ಲಕ್ಷ್ಮೇಶ್ವರದ ಇನ್ನೊಂದು ಶಾಸನ ಆಡಳಿತ ಪದ್ಧತಿಯ ತುಲನೆಗೆ ಅವಕಾಶ ಮಾಡಿಕೊಡುತ್ತದೆ. ಯುವರಾಜ ವಿಕ್ರಮಾದಿತ್ಯನು ಸುಮಾರು 725ರಲ್ಲಿ ಪೊರಿಗೆರೆಯ, ಅಂದರೆ ಪುಲಿಗೆರೆಯ, ಮಹಾಜನರಿಗೂ ನಗರದವರಿಗೂ ಹದಿನೆಂಟು ಪ್ರಕೃತಿಗಳೆಂಬ ಪ್ರಜಾವರ್ಗಗಳಿಗೂ ಹಾಕಿಕೊಟ್ಟ ಆಚಾರವ್ಯವಸ್ಥೆ ಅದು. ಅರಸನ ದತ್ತಿ, ತಾಮ್ರಶಾಸನ, ಹಿಂದಿನಿಂದ ಅನುಭವಿಸಿಕೊಂಡು ಬಂದ ಆಸ್ತಿ ಇವನ್ನು ರಾಜಪುರುಷರು ಕಾಪಾಡಬೇಕೆಂದೂ, ಮನೆಗಳ ಅಂತಸ್ತಿಗೆ ತಕ್ಕಂತೆ ತೆರಿಗೆಯಿರಬೇಕೆಂದೂ, ತೆರಿಗೆಯನ್ನು ಕಾರ್ತಿಕ ಮಾಸದಲ್ಲಿ ಊರಿನ ಶ್ರೇಣಿಗೆ ಸಲ್ಲಿಸಬೇಕೆಂದೂ ಅದು ಹೇಳುತ್ತದೆ. ಶ್ರೇಣಿಯೆಂದರೆ ಕಸುಬುದಾರರ ಸಂಘ. ತಾಂಗ್ ಚೀನದಲ್ಲಿಯೂ ಮನೆತನಗಳನ್ನು ಆಸ್ತಿಯ ಮೇಲೆ ಒಂಬತ್ತು ದರ್ಜೆಗಳಾಗಿ ವಿಂಗಡಿಸಿ ತೆರಿಗೆ ಹಾಕುತ್ತಿದ್ದರು. ಅಲ್ಲಿ ಆ ದರ್ಜೆ ಇಡೀ ಸಾಮ್ರಾಜ್ಯಕ್ಕೆ ಒಂದೇ, ನಿಗದಿಯಾದ ಅವಧಿಗೊಮ್ಮೆ ಮನೆಪಟ್ಟಿಯನ್ನು ಹೊಸದಾಗಿ ಬರೆಯುವವನು ಸರಕಾರದ ಅಧಿಕಾರಿ, 653ರ ದಂಡಸಂಹಿತೆ ಎಲ್ಲ ಪ್ರಾಂತಕ್ಕೂ ಸಮಾನ. ಇಲ್ಲಿ ಒಂದು ಊರಿಗೆ ಒಂದು ಕಟ್ಟಳೆ, ವಸೂಲಿಯಲ್ಲಿ ಊರಿನ ಶ್ರೇಣಿಗೇ ಪಾತ್ರ. ಚೀನದ ಚರಿತ್ರೆ ರಾಜಧಾನಿಯಲ್ಲಿ ಸಿಗುವುದಕ್ಕೂ ಕರ್ನಾಟಕದ ಚರಿತ್ರೆ ಊರೂರಿನ ಕಲ್ಲಿನಲ್ಲಿ ಚದುರಿರುವುದಕ್ಕೂ ಈ ವ್ಯತ್ಯಾಸವೇ ಮೂಲ ಕಾರಣ.

ಚಾಲುಕ್ಯರ ವೈರಿಗಳಾದ ಪಲ್ಲವರೂ ಚೀನದೊಡನೆ ಸಂಪರ್ಕ ಇಟ್ಟುಕೊಂಡಿದ್ದರು. 720ರಲ್ಲಿ ದಕ್ಷಿಣ ಭಾರತದ ಅರಸ ಶ್ರೀನರಸಿಂಹ ಪೋತವರ್ಮನ ದೂತರು ಮಾತಾಡುವ ಪಂಚವರ್ಣದ ಗಿಳಿಯನ್ನು ತಂದರೆಂದೂ, ಅರಬರು ಮತ್ತು ಟಿಬೆಟಿಗರ ಮೇಲೆ ತನ್ನ ಆನೆ ಕುದುರೆಗಳ ಸೇನೆಯನ್ನು ಕಳಿಸುವುದಾಗಿ ಹೇಳಿ ಆ ಸೇನೆಗೆ ಹೆಸರೊಂದನ್ನು ಬೇಡಿದನೆಂದೂ, ಚಕ್ರವರ್ತಿ ಅದಕ್ಕೆ ಸದ್ಗುಣವನ್ನು ಮೆಚ್ಚುವ ಸೇನೆ ಎಂಬ ಅರ್ಥದ ಹೆಸರನ್ನು ದಯಪಾಲಿಸಿದನೆಂದೂ ಚೀನೀ ದಾಖಲೆಗಳು ಹೇಳುತ್ತವೆ. ಕಂಚಿಯಿಂದ ಟಿಬೆಟಿನ ಗಡಿಗೆ ಆನೆಗಳನ್ನು ನಡೆಸುವ ಮಾತು ಸೌಜನ್ಯದ್ದೇ ಹೊರತು ಯುದ್ಧದ್ದಲ್ಲ. ಈ ನರಸಿಂಹನೇ ಕಂಚಿಯ ಕೈಲಾಸನಾಥ ದೇವಾಲಯವನ್ನು ಕಟ್ಟಿಸಿದವನು. ಪುಲಿಗೆರೆಗೆ ಕಟ್ಟಳೆ ಕೊಟ್ಟ ಯುವರಾಜನೇ ಮುಂದೆ ಇಮ್ಮಡಿ ವಿಕ್ರಮಾದಿತ್ಯನೆಂಬ ಅರಸನಾಗಿ ಕಂಚಿಯನ್ನು ಗೆದ್ದು, ಆ ದೇವಾಲಯದ ಐಶ್ವರ್ಯವನ್ನು ಕಂಡು ದೇವರಿಗೇ ಬಿಟ್ಟುಕೊಟ್ಟೆನೆಂದು ಅಲ್ಲಿನ ಕಂಬದ ಮೇಲೆ ಕನ್ನಡದಲ್ಲಿ ಬರೆಸಿದವನು.

ಮುಂದಿನ ಶತಮಾನಗಳಲ್ಲಿ ಎರಡು ನಾಡುಗಳನ್ನು ಸೇರಿಸಿದ ಎಳೆ ರಾಜದೂತರದ್ದಲ್ಲ, ಧರ್ಮ ಮತ್ತು ವಾಣಿಜ್ಯದ್ದು. ಮುಂಡರಗಿ ತಾಲ್ಲೂಕಿನ ಡಂಬಳದಲ್ಲಿರುವ, ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದ 1095ರ ಶಾಸನ ಇದಕ್ಕೆ ಬೆಲೆಯುಳ್ಳ ಉದಾಹರಣೆ. ಧರ್ಮವೊಳಲು ಎನಿಸಿದ್ದ ಆ ಊರಿನ ಹದಿನಾರು ಸೆಟ್ಟಿಗಳು ಬುದ್ಧವಿಹಾರವನ್ನೂ, ಲೊಕ್ಕಿಗುಂಡಿಯ ಸಂಗವಯ್ಯ ಸೆಟ್ಟಿ ಆರ್ಯ ತಾರಾದೇವಿಯ ವಿಹಾರವನ್ನೂ ಕಟ್ಟಿಸಿದ್ದರು. ಕರ್ನಾಟಕದಲ್ಲಿ ಬೌದ್ಧಧರ್ಮ ಕ್ಷೀಣಿಸಿದ್ದ ಹೊತ್ತಿನಲ್ಲಿ ಅದನ್ನು ಪೋಷಿಸುತ್ತಿದ್ದವರು ವರ್ತಕರೇ. ಶಾಸನದ ಮೊದಲಲ್ಲಿಯ ತಾರಾಸ್ತುತಿ ಸಿಂಹ, ಆನೆ, ಬೆಂಕಿ, ಹಾವು, ಕಳ್ಳರು, ಸಂಕೋಲೆ, ಸಮುದ್ರ, ಪಿಶಾಚಿ ಎಂಬ ಎಂಟು ಭಯಗಳಿಂದ ಕಾಪಾಡುವ ದೇವಿಯನ್ನು ವಂದಿಸುತ್ತದೆ. ದೂರದ ದಾರಿ ನಡೆಯುವವನಿಗೆ ಬರುವ ಭಯಗಳೇ ಇವು. ಕುಮಾರಜೀವನು 406ರಲ್ಲಿ ಚೀನೀ ಭಾಷೆಗೆ ತಂದ ‘ಸದ್ಧರ್ಮಪುಂಡರೀಕ’ ಸೂತ್ರದಲ್ಲಿಯೂ ಅವಲೋಕಿತೇಶ್ವರನನ್ನು ನೆನೆದವರು ಬೆಂಕಿ, ನೀರು, ರಾಕ್ಷಸರು, ಸಂಕೋಲೆ, ಕಳ್ಳರಿಂದ ಪಾರಾಗುವರೆಂದಿದೆ. ಆ ಅವಲೋಕಿತೇಶ್ವರನೇ ಚೀನದಲ್ಲಿ ಗ್ವಾನ್‌ಯಿನ್ ಆಗಿ, ಡಂಬಳದ ವಿಹಾರಗಳು ಎದ್ದ ಹೊತ್ತಿಗೆ, ಕರುಣಾಮಯಿಯಾದ ಸ್ತ್ರೀರೂಪದಲ್ಲಿ ಪೂಜೆಗೊಳ್ಳತೊಡಗಿದ್ದನು. ಡಂಬಳದ ಸೆಟ್ಟಿಗಳಿಗೆ ಗ್ವಾನ್‌ಯಿನ್ ಗೊತ್ತಿದ್ದಳೆನ್ನಲು ಯಾವ ಆಧಾರವೂ ಇಲ್ಲ. ಒಂದೇ ಬೌದ್ಧ ಬೇರು, ಒಂದೇ ಬಗೆಯ ಅಪಾಯ ಎರಡು ಕಡೆಯೂ ರಕ್ಷಕ ದೇವಿಯನ್ನು ರೂಪಿಸಿದವು. ವಿಜಯನಗರದ ಕಾಲಕ್ಕೆ ಈ ಸಂಬಂಧ ಪಾತ್ರೆಪಡಗಗಳ ರೂಪ ತಾಳುತ್ತದೆ. ಹಂಪಿಯ ಅರಮನೆ ಪ್ರದೇಶದ ಉತ್ಖನನಗಳಲ್ಲಿ ದೊರೆತ ಚೀನೀ ಪಿಂಗಾಣಿಯ ಚೂರುಗಳು ಅದಕ್ಕೆ ಸಾಕ್ಷಿ.

ಈ ಸಾಮಗ್ರಿಯನ್ನೆಲ್ಲ ಕನ್ನಡದ ಇತಿಹಾಸಗ್ರಂಥಗಳು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕವೇ ಪಡೆದಿವೆ. ಸ್ಯಾಮ್ಯುಯೆಲ್ ಬೀಲ್ ಅವರ 1884ರ ಅನುವಾದ, ಥಾಮಸ್ ವಾಟರ್ಸ್ ಅವರ 1904–05ರ ವಿವರಣೆ ಇವೇ ಇಂದಿಗೂ ಬಳಕೆಯಲ್ಲಿರುವ ಆಧಾರಗಳು. ಆ ವಿದ್ವಾಂಸರಿಗೆ ಚೀನೀ ಭಾಷೆ ಬರುತ್ತಿತ್ತು, ಹಳಗನ್ನಡದ ಶಾಸನ ಬರುತ್ತಿರಲಿಲ್ಲ; ಫ್ಲೀಟ್ ಅವರಿಗೆ ಶಾಸನ ಬರುತ್ತಿತ್ತು, ಚೀನೀ ಬರುತ್ತಿರಲಿಲ್ಲ. ಕೊಂಕಣಪುರದ ನಿರ್ಣಯವಾಗಲಿ, 691ರ ದೂತನ ವಿಚಾರವಾಗಲಿ ಇತ್ಯರ್ಥವಾಗದೆ ನಿಂತಿರುವುದಕ್ಕೆ ಈ ಕೊರತೆಯೂ ಒಂದು ಕಾರಣ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಪ್ರಾಚೀನ ಚೀನೀ ಭಾಷೆಯನ್ನು ಶಾಸನಶಾಸ್ತ್ರದ ಜೊತೆಗೆ ಕಲಿಸುವ ಏರ್ಪಾಡನ್ನು ಮಾಡಬೇಕು. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕಾಲೇಜುಗಳಲ್ಲಿ ಇತಿಹಾಸ ಓದುವ ಒಬ್ಬಿಬ್ಬರಾದರೂ ಆ ಕಡೆ ಹೊರಳಿ, ತಾಂಗ್ ಇತಿಹಾಸದ ಭಾರತ ಭಾಗವನ್ನು ಮೂಲದಿಂದಲೇ ಕನ್ನಡಕ್ಕೆ ತರಬೇಕು.